ತಣ್ಣೀರ ತೆರೆಗೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥವೊಂದನ್ನು ಓದಲು ಕುಳಿತವನಿಗೆ ನಮ್ಮ ಹಿಂದಿನವರು ಮೊದಲು ನಾಲ್ಕು ಸಂಗತಿಗಳನ್ನು ತಿಳಿಸುತ್ತಿದ್ದರು. ಗ್ರಂಥದ ವಿಷಯವೇನು, ಅದರಿಂದಾಗುವ ಪ್ರಯೋಜನವೇನು, ಇವೆರಡಕ್ಕೂ ಇರುವ ಸಂಬಂಧವೇನು, ಅದನ್ನು ಓದುವುದಕ್ಕೆ ಅಧಿಕಾರಿ ಯಾರು ಎಂಬುವೇ ಆ ನಾಲ್ಕು. ಇವುಗಳಲ್ಲಿ ಅಧಿಕಾರಿಯ ವಿಚಾರವನ್ನು ಈಗಿನವರು ಅಷ್ಟಾಗಿ ಮೆಚ್ಚುವುದಿಲ್ಲ. ಅಧಿಕಾರವೆಂದೊಡನೆ ಕುಲವನ್ನೋ ಹಣವನ್ನೋ ಪದವಿಯನ್ನೋ ನೆನೆದು ಮುಖ ತಿರುಗಿಸುವರು. ಆದರೆ ಆ ಶಬ್ದಕ್ಕೆ ಯೋಗ್ಯತೆ, ಸಿದ್ಧತೆ ಎಂಬ ಅರ್ಥವೂ ಉಂಟಷ್ಟೆ. ಈ ಅರ್ಥವನ್ನು ಮನದಟ್ಟು ಮಾಡಿಕೊಳ್ಳುವುದಕ್ಕಾಗಿ ಈ ತಿಂಗಳು ನಾವು ವಾಚಕರನ್ನು ಪಾಠಶಾಲೆಗೆ ಕರೆದೊಯ್ಯದೆ, ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿರುವ ಒಂದು ಕಲ್ಲಿನ ಕಡಲತೀರಕ್ಕೆ ಕರೆದೊಯ್ಯುವೆವು. ನಾವು ಅದನ್ನು ಕಣ್ಣಾರೆ ಕಂಡವರಲ್ಲ. ಭೂಪಟದಿಂದಲೂ ಬಲ್ಲವರ ಬರವಣಿಗೆಗಳಿಂದಲೂ ತಿಳಿದುದನ್ನು ಇಲ್ಲಿ ನಿವೇದಿಸುತ್ತಿರುವೆವು.

ಹಗುರವಾದ ಹಲಗೆಯೊಂದರ ಮೇಲೆ ನಿಂತು, ದಡದ ಕಡೆಗೆ ಓಡಿಬರುವ ತೆರೆಯ ಇಳಿಜಾರಿನಲ್ಲಿ ಜಾರುತ್ತ ಸಾಗುವ ಆಟಕ್ಕೆ ಸರ್ಫಿಂಗ್ ಎಂದು ಹೆಸರು. ನಾವು ಅದನ್ನು ತೆರೆಸವಾರಿ ಎನ್ನೋಣ. ಹವಾಯಿ ದ್ವೀಪಗಳ ಜನರು ಇದನ್ನು ಪುರಾತನಕಾಲದಿಂದಲೇ ಬಲ್ಲವರು. ಕ್ಯಾಪ್ಟನ್ ಕುಕ್ಕನ ನೌಕಾಯಾತ್ರೆಯಲ್ಲಿದ್ದ ಜೇಮ್ಸ್ ಕಿಂಗ್ ಎಂಬಾತನು 1779ರಲ್ಲಿ ಅದನ್ನು ಕಂಡು ಬೆರಗಾಗಿ ಬರೆದಿಟ್ಟಿರುವನು. ಇಂದು ಈ ಆಟವು ನಮ್ಮ ನಾಡಿಗೂ ಹೊಸದಲ್ಲ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಮೀನುಗಾರರ ಮಕ್ಕಳೂ ಇದನ್ನು ಕಲಿತಿರುವರು. ಅದರ ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಆದರೆ ನಮ್ಮ ಕರಾವಳಿಯಲ್ಲಿ ಕಲಿಯುವವನಿಗೆ ಎರಡು ಅನುಕೂಲಗಳುಂಟು. ಬಿದ್ದರೆ ಕೆಳಗೆ ಮರಳು. ಮುಳುಗಿದರೆ ಬೆಚ್ಚನೆಯ ನೀರು. ನಾವು ಹೇಳಹೊರಟಿರುವ ಸ್ಥಳದಲ್ಲಿ ಇವೆರಡೂ ಇಲ್ಲ.

ಆ ಸ್ಥಳದ ಹೆಸರು ಥರ್ಸೊ ಈಸ್ಟ್. ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಎಲ್ಲಕ್ಕಿಂತ ಉತ್ತರದಲ್ಲಿರುವ ಪಟ್ಟಣವೇ ಥರ್ಸೊ. ಇನ್ವರ್ನೆಸ್ಸಿನಿಂದ ಹೊರಟ ರೈಲು ಇಲ್ಲಿಗೆ ಸೇರಲು ಸುಮಾರು ನಾಲ್ಕು ಗಂಟೆಗಳು ಬೇಕು. ಡಿಸೆಂಬರಿನ ಕೊನೆಯಲ್ಲಿ ಇಲ್ಲಿಯ ಹಗಲು ಆರು ಗಂಟೆಗಳಿಗಿಂತ ಸ್ವಲ್ಪವೇ ಹೆಚ್ಚು. ಪಟ್ಟಣದ ಹೆಸರನ್ನೇ ಹೊತ್ತ ನದಿಯೊಂದು ಜೌಗುನೆಲದ ಮಣ್ಣಿನ ಬಣ್ಣವನ್ನು ತುಂಬಿಕೊಂಡು, ಕಷಾಯದಂತೆ ಕಂದಾಗಿ ಹರಿದುಬಂದು ಕಡಲನ್ನು ಸೇರುವುದು. ಆ ಅಳಿವೆಯ ಪೂರ್ವಕ್ಕೆ, ಪಾಳುಬಿದ್ದ ಹಳೆಯ ಕೋಟೆಮನೆಯೊಂದರ ಮುಂದುಗಡೆ, ನೀರಿನೊಳಕ್ಕೆ ಚಾಚಿಕೊಂಡಿರುವ ಬಂಡೆಹಾಸೊಂದುಂಟು. 1970ರ ದಶಕದಿಂದ ತೆರೆಸವಾರರು ಅಲ್ಲಿಗೆ ಬರತೊಡಗಿದರು. 1981ರಲ್ಲಿ ಯೂರೋಪಿನ ಸ್ಪರ್ಧೆಯೂ, 2006ರಲ್ಲಿ ವೃತ್ತಿನಿರತ ಸವಾರರ ಅಂತರರಾಷ್ಟ್ರೀಯ ಸ್ಪರ್ಧೆಯೂ ಅಲ್ಲಿ ನಡೆದುವು. ಅಂಥ ಚಳಿಯ ಮೂಲೆಗೆ ಜನರು ಹಲಗೆ ಹೊತ್ತು ಹೋಗುವುದಕ್ಕೆ ಕಾರಣವೇನೆಂದರೆ, ಆ ಕಲ್ಲು.

ಶಹಾಬಾದಿನ ಚಪ್ಪಡಿಕಲ್ಲನ್ನು ಬಲ್ಲ ನಮ್ಮ ಗೃಹಸ್ಥರಿಗೆ ಈ ಕಲ್ಲಿನ ಸ್ವಭಾವವನ್ನು ವಿವರಿಸುವುದು ಕಷ್ಟವಲ್ಲ. ಮೂವತ್ತೆಂಟು ಕೋಟಿ ವರ್ಷಗಳಿಗೂ ಹಿಂದೆ ಆ ಸೀಮೆಯಲ್ಲಿ ಒಂದು ಮಹಾಸರೋವರವಿದ್ದಿತು. ಅದರ ತಳದಲ್ಲಿ ಪದರಪದರವಾಗಿ ನಿಂತ ಹೂಳು ಗಟ್ಟಿಯಾಗಿ ಕಲ್ಲಾಯಿತು. ಈ ಕಲ್ಲು ಪುಸ್ತಕದ ಹಾಳೆಗಳಂತೆ ಪದರಗಳಾಗಿ ಬಿಡಿಸಿಕೊಳ್ಳುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಹಡಗುಗಳಲ್ಲಿ ತುಂಬಿ ದೂರದ ನಗರಗಳ ಕಾಲುದಾರಿಗಳಿಗೆ ಹಾಸಲು ಕಳುಹಿಸುತ್ತಿದ್ದರು. ನಗರದ ಬೀದಿಯಲ್ಲಿ ಪಾದಚಾರಿಗಳ ಕಾಲಡಿ ಬಿದ್ದಿರುವ ಅದೇ ಜಾತಿಯ ಕಲ್ಲು ಇಲ್ಲಿ ಕಡಲಿನೊಳಗೆ ಹಾಸಿಕೊಂಡು ತೆರೆಗೆ ಆಕಾರವನ್ನು ಕೊಡುತ್ತಿರುವುದು.

ಅಮರಕೋಶವನ್ನು ಕಂಠಪಾಠ ಮಾಡಿದವರು ತೆರೆಗೆ ಅಲ್ಲಿ ಹೇಳಿರುವ ಹೆಸರುಗಳನ್ನು ಬಲ್ಲರು. ತರಂಗ, ಊರ್ಮಿ, ವೀಚಿ ಎಂಬುವಲ್ಲದೆ ಭಂಗವೆಂಬುದೂ ಅದರ ಹೆಸರು. ಹಿರಿಯ ತೆರೆಗಳಿಗೆ ಉಲ್ಲೋಲ, ಕಲ್ಲೋಲ ಎಂಬ ಹೆಸರುಗಳು ಬೇರೆ. ಭಂಗವೆಂದರೆ ಮುರಿಯುವಿಕೆ. ತೆರೆಯು ಏಕೆ ಮುರಿಯುವುದು? ದೂರದ ಸಮುದ್ರದಲ್ಲಿ ಬಿರುಗಾಳಿಯು ಎಬ್ಬಿಸಿದ ತೆರೆಗಳು ಗಾಳಿ ನಿಂತ ಮೇಲೂ ಪಯಣವನ್ನು ನಿಲ್ಲಿಸವು. ಒಂದು ತೆರೆಯ ಬೆನ್ನಿಗೆ 12 ಸೆಕೆಂಡುಗಳ ಮೇಲೆ ಇನ್ನೊಂದು ಬರುವ ತೆರೆಸಾಲಿನಲ್ಲಿ ಶಿಖರದಿಂದ ಶಿಖರಕ್ಕೆ ಸುಮಾರು 225 ಮೀಟರು ದೂರವಿರುವುದು. ಅಂಥ ತೆರೆಗಳ ಗುಂಪು ಗಂಟೆಗೆ ಸುಮಾರು 34 ಕಿಲೋಮೀಟರಿನಂತೆ ಸಾಗಿ, ಸಾವಿರ ಕಿಲೋಮೀಟರನ್ನು ಒಂದೂಕಾಲು ದಿನದಲ್ಲಿ ದಾಟಿಬಿಡುವುದು. ಆಳವಾದ ನೀರಿನಲ್ಲಿ ಅದಕ್ಕೆ ನೆಲದ ಗೊಡವೆಯೇ ಇಲ್ಲ. ಆಳ ಕಡಮೆಯಾದಂತೆ ಅದರ ಬುಡವು ತಡೆಯಲ್ಪಟ್ಟು ನಿಧಾನವಾಗುವುದು, ಮೈ ಎತ್ತರವಾಗುವುದು. ನೀರಿನ ಆಳವು ತೆರೆಯ ಎತ್ತರದ ಸುಮಾರು ಒಂದೂಕಾಲು ಪಾಲಿಗೆ ಇಳಿದಾಗ ತಲೆಯು ಬುಡವನ್ನು ಮೀರಿ ಮುಂದಕ್ಕೆ ಬೀಳುವುದು. ಇದೇ ಭಂಗ.

ಮರಳಿನ ತೀರದಲ್ಲಿ ನೆಲವು ಮೆಲ್ಲಮೆಲ್ಲನೆ ಏರುವುದರಿಂದ ತೆರೆಯು ನೊರೆನೊರೆಯಾಗಿ ಸಾವಕಾಶವಾಗಿ ಕುಸಿಯುವುದು. ಬಂಡೆಹಾಸಾದರೋ ಥಟ್ಟನೆ ಎದುರಾಗುವುದು. ಆಗ ತೆರೆಯು ನೆಟ್ಟಗೆ ನಿಂತು, ಬಾಗಿ, ಒಳಗೆ ಟೊಳ್ಳಾದ ಕೊಳವೆಯಂತೆ ಸುರುಳಿಯಾಗುವುದು. ಥರ್ಸೊವಿನಲ್ಲಿ ವಾಯವ್ಯದಿಂದಲೋ ಉತ್ತರದಿಂದಲೋ ಬಂದ ತೆರೆಯು ಒಂದು ಕೊನೆಯಿಂದ ಮುರಿಯಲಾರಂಭಿಸಿ, ಸವಾರನ ಬಲಗಡೆಗೆ ಓರಣವಾಗಿ ಬಿಚ್ಚಿಕೊಳ್ಳುತ್ತ ಹೋಗುವುದು. ದಕ್ಷಿಣದ ಗಾಳಿಯು ನೆಲದಿಂದ ಕಡಲಿಗೆ ಬೀಸಿ ಅದರ ಮುಖವನ್ನು ಇನ್ನಷ್ಟು ಹೊತ್ತು ಎತ್ತಿಹಿಡಿಯುವುದು. ಮುರಿಯುವ ಭಾಗಕ್ಕೆ ಕೂದಲೆಳೆಯಷ್ಟು ಮುಂದಾಗಿ, ಕಂದುನೀರಿನ ಆ ಸುರಂಗದೊಳಗೆ ಸಾಗಿ ಹೊರಬರುವುದೇ ಸವಾರನ ಪರಮಸುಖ. ಇಲ್ಲಿ ವಾಚಕರು ಗಮನಿಸಬೇಕಾದುದು ಒಂದುಂಟು. ತೆರೆಯ ಸೊಬಗಿಗೆ ಯಾವ ಬಂಡೆಯು ಕಾರಣವೋ ಅಪಾಯಕ್ಕೂ ಅದೇ ಕಾರಣ. ಒಂದನ್ನು ಬಿಟ್ಟು ಮತ್ತೊಂದನ್ನು ಪಡೆಯುವಂತಿಲ್ಲ. ತೆರೆಯ ಎತ್ತರವು ಎರಡರಷ್ಟಾದರೆ ಅದರ ಶಕ್ತಿಯು ನಾಲ್ಕರಷ್ಟಾಗುವುದು. ಒಂದು ಘನಮೀಟರು ಸಮುದ್ರಜಲವು ಸಾವಿರ ಕಿಲೋಗ್ರಾಮಿಗೂ ಮಿಕ್ಕು ತೂಗುವುದು. ಆ ಭಾರವು ಆಳವಿಲ್ಲದ ನೀರಿನಲ್ಲಿ ಮನುಷ್ಯನನ್ನು ಕಲ್ಲಿಗೆ ಅಪ್ಪಳಿಸುವುದೆಂಬುದನ್ನು ಮರೆತು ಅಲ್ಲಿಗೆ ಇಳಿಯತಕ್ಕದ್ದಲ್ಲ.

ಇನ್ನು ತಣ್ಣೀರಿನ ವಿಚಾರ. ಚಳಿಗಾಲದ ಕೊನೆಗೆ ಅಲ್ಲಿಯ ಕಡಲಿನ ಶಾಖವು 7 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದು. ಬೇಸಗೆ ಮುಗಿಯುವಾಗಲೂ 13ರ ಸುಮಾರಿನಲ್ಲಿರುವುದು. ನೀರು ಗಾಳಿಗಿಂತ ಇಪ್ಪತ್ತು ಮಡಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವ ವಸ್ತು. ಅಂಥ ನೀರಿಗೆ ಬರಿಮೈಯಲ್ಲಿ ಒಮ್ಮೆಲೇ ಬಿದ್ದವನು ಚಳಿಯಿಂದ ಹೆಪ್ಪುಗಟ್ಟಿ ಸಾಯುವನೆಂದು ಜನರು ಊಹಿಸುವರು, ನಿಜಸ್ಥಿತಿ ಬೇರೆ. ಮೊದಲನೆಯ ಅಪಾಯವು ಮೊದಲ ನಿಮಿಷದಲ್ಲಿಯೇ ಇರುವುದು. ಚರ್ಮಕ್ಕೆ ತಣ್ಣೀರು ತಾಕಿದೊಡನೆ ಮನುಷ್ಯನು ತನ್ನಿಚ್ಛೆಯಿಲ್ಲದೆಯೇ ದೊಡ್ಡದಾಗಿ ಉಸಿರನ್ನು ಎಳೆದುಕೊಳ್ಳುವನು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಗತಿಯೇನು? ಬಳಿಕ ಏದುಸಿರು ಹತ್ತುವುದು, ಎದೆ ಡವಗುಟ್ಟುವುದು. ಕೆಲವು ನಿಮಿಷಗಳಲ್ಲಿ ಕೈಬೆರಳುಗಳು ಹಿಡಿತವನ್ನು ಕಳೆದುಕೊಂಡು, ಈಜುಬಲ್ಲವನ ತೋಳೂ ಸೋಲುವುದು. ಒಡಲೊಳಗಿನ ಶಾಖವು ಕುಂದುವುದು ಇವೆಲ್ಲಕ್ಕೂ ಆಮೇಲೆ. ಆದುದರಿಂದಲೇ, ಅಕಸ್ಮಾತ್ತಾಗಿ ತಣ್ಣೀರಿಗೆ ಬಿದ್ದವನು ಕೂಡಲೇ ಈಜಲು ಒದ್ದಾಡದೆ, ಅಂಗಾತನಾಗಿ ತೇಲಿಕೊಂಡು, ಉಸಿರು ಹದಕ್ಕೆ ಬರುವವರೆಗೆ ತಾಳಬೇಕೆಂದು ಆ ದೇಶದ ಜೀವರಕ್ಷಕ ಸಂಸ್ಥೆಯವರು ಬೋಧಿಸುವರು. ಈ ಮಾತು ನಮ್ಮ ಕೆರೆಬಾವಿಗಳಿಗೂ ಸಲ್ಲುವುದು, ಮಕ್ಕಳಿಗೆ ಕಲಿಸಿಡತಕ್ಕದ್ದು.

ಈ ಚಳಿಗೆ ಮನುಷ್ಯನು ಕಂಡುಕೊಂಡ ಕವಚವೂ ಉಂಟು. 1952ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಎಂಬವರು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಅಂಗಿಯನ್ನು ಕಲ್ಪಿಸಿದರು. ಒಳಕ್ಕೆ ನೀರು ಬಂದರೂ ಚಿಂತೆಯಿಲ್ಲ, ರಬ್ಬರಿನಲ್ಲಿ ಅಡಗಿರುವ ಸಣ್ಣಸಣ್ಣ ಗುಳ್ಳೆಗಳ ಅನಿಲವೇ ಶಾಖವನ್ನು ಕಾಯುವುದು ಎಂಬುದು ಅವರ ಯುಕ್ತಿ. ಚಳಿಗಾಲದಲ್ಲಿ ಥರ್ಸೊವಿನ ಸವಾರನು ಐದಾರು ಮಿಲಿಮೀಟರು ದಪ್ಪದ ಈ ಉಡುಪನ್ನು ಕುಲಾವಿ, ಕೈಚೀಲ, ಕಾಲ್ಚೀಲಗಳ ಸಹಿತ ತೊಟ್ಟುಕೊಳ್ಳುವನು. ಆದರೂ ಕವಚವು ಕಾಲವನ್ನು ಹೆಚ್ಚಿಸುವುದೇ ಹೊರತು ಚಳಿಯನ್ನು ಗೆಲ್ಲುವುದಿಲ್ಲ. ಹಣವಿದ್ದವನು ಕವಚವನ್ನು ಕೊಳ್ಳಬಹುದು; ನೀರಿನಿಂದ ಏಳಬೇಕಾದ ಹೊತ್ತನ್ನು ತಿಳಿಯುವ ಬುದ್ಧಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಹಾಗಾದರೆ ಈ ತೆರೆಗೆ ಅಧಿಕಾರಿ ಯಾರು? ತೋಳಿನ ಬಲ, ಉಸಿರಿನ ದಮ್ಮು, ಸಾಧಾರಣ ತೆರೆಗಳಲ್ಲಿ ವರ್ಷಗಟ್ಟಲೆಯ ಅಭ್ಯಾಸ, ಇವು ಬೇಕೇ ಬೇಕು. ಆದರೆ ನಿಜವಾಗಿ ಪಳಗಿದವನ ಲಕ್ಷಣವು ಅವನು ನೀರಿಗೆ ಇಳಿಯುವ ಮುನ್ನವೇ ಕಾಣುವುದು. ಅವನು ದಡದಲ್ಲಿ ನಿಂತು ಬಹಳ ಹೊತ್ತು ಸುಮ್ಮನೆ ನೋಡುವನು. ದೊಡ್ಡ ತೆರೆಗಳು ಒಂದೊಂದಾಗಿ ಬಾರದೆ ಗುಂಪುಗುಂಪಾಗಿ ಬರುವುದರಿಂದ, ಎರಡು ಗುಂಪುಗಳ ನಡುವಣ ಬಿಡುವನ್ನು ಎಣಿಸುವನು. ಭರತವೋ ಇಳಿತವೋ, ಇನ್ನೊಂದು ಗಂಟೆಯಲ್ಲಿ ಬಂಡೆಯ ಮೇಲೆ ಎಷ್ಟು ನೀರು ಉಳಿಯುವುದು, ಸೆಳೆತವು ಯಾವ ಕಡೆಗೆ, ಕತ್ತಲಾಗುವುದು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುವನು. ಒಳಕ್ಕೆ ಹೋಗುವ ದಾರಿಗಿಂತ ಮೊದಲು ಹೊರಕ್ಕೆ ಬರುವ ದಾರಿಯನ್ನು ಗೊತ್ತುಮಾಡಿಕೊಳ್ಳುವನು. ಒಬ್ಬನೇ ಹೋಗನು, ದಡದಲ್ಲಿರುವವರಿಗೆ ಹೇಳದೆ ಹೋಗನು. ಬೀಳುವುದನ್ನು ಸಹ ಅವನು ಕಲಿತಿರುವನು. ತಲೆಕೆಳಗಾಗಿ ಧುಮುಕದೆ, ಮೈಯನ್ನು ಹರಡಿ ಚಪ್ಪಟೆಯಾಗಿ ಬೀಳುವನು. ಮೇಲಕ್ಕೆ ಬರುವಾಗ ತೋಳುಗಳಿಂದ ತಲೆಯನ್ನು ಮುಚ್ಚಿಕೊಳ್ಳುವನು. ನೋಡಿದ ಮೇಲೆ ಇಂದು ತನ್ನ ದಿನವಲ್ಲವೆಂದು ತೋರಿದರೆ, ನೂರಾರು ಮೈಲಿ ಬಂದಿದ್ದರೂ ಹಲಗೆಯನ್ನು ಬಗಲಿಗಿಟ್ಟು ಹಿಂದಿರುಗುವನು. ಹೀಗೆ ಹಿಂದಿರುಗಬಲ್ಲವನೇ ಅಧಿಕಾರಿ. ಇಳಿಯುವ ಧೈರ್ಯವು ಅನೇಕರಿಗುಂಟು. ಇಳಿಯದಿರುವ ಧೈರ್ಯವು ಪಳಗಿದವನಿಗೆ ಮಾತ್ರ ಸಾಧ್ಯ.

ನೀರಿನಲ್ಲಿಯೂ ಒಂದು ಧರ್ಮವುಂಟು. ತೆರೆಯು ಮುರಿಯುವ ತುದಿಗೆ ಯಾರು ಹತ್ತಿರವೋ ತೆರೆಯು ಅವನದು; ಮಿಕ್ಕವರು ಬಿಟ್ಟುಕೊಡತಕ್ಕದ್ದು. ಈ ನಿಯಮವನ್ನು ಮುರಿದರೆ ಎರಡು ಹಲಗೆಗಳು ಕಲ್ಲಿನ ಮೇಲೆ ಡಿಕ್ಕಿಯಾಗುವುವು. ಅಲ್ಲದೆ, ಸಾಹಸವು ಸಾಹಸಿಯೊಬ್ಬನ ಸ್ವಂತ ಸೊತ್ತೂ ಅಲ್ಲ. 1824ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ರಾಜಕೀಯ ಜೀವರಕ್ಷಕ ನೌಕಾಸಂಸ್ಥೆಯ ದೋಣಿಯೊಂದು ಥರ್ಸೊವಿನ ಪಕ್ಕದ ಸ್ಕ್ರ್ಯಾಬ್‌ಸ್ಟರ್ ಬಂದರಿನಲ್ಲಿರುವುದು. ಆ ಸಂಸ್ಥೆಯ ದೋಣಿಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಕರೆ ಬಂದೊಡನೆ ತಮ್ಮ ಕೆಲಸವನ್ನು ಬಿಟ್ಟು ಓಡಿಬರುವ ಸ್ವಯಂಸೇವಕರು. ಅಯೋಗ್ಯನು ನೀರಿಗಿಳಿದಾಗ ತನ್ನ ಒಂದು ಪ್ರಾಣವನ್ನು ಮಾತ್ರವಲ್ಲದೆ, ಮನೆಯಲ್ಲಿ ಹೆಂಡತಿಮಕ್ಕಳಿರುವ ಈ ಮಂದಿಯ ಪ್ರಾಣಗಳನ್ನೂ ಪಣಕ್ಕೆ ಒಡ್ಡುವನು.

ಈ ವಿವೇಕವು ಪರದೇಶದವರಿಗೆ ಮಾತ್ರ ಸೇರಿದುದೆಂದು ಯಾರೂ ತಿಳಿಯಬಾರದು. ನಮ್ಮ ಕರಾವಳಿಯ ಮೊಗವೀರರು ಮಳೆಗಾಲದ ಕಡಲಿಗೆ ಎದುರಾಗಿ ಹೋಗದೆ, ಅದು ತಣಿಯುವವರೆಗೆ ಬಲೆಗಳನ್ನು ಸರಿಮಾಡಿಕೊಳ್ಳುತ್ತ ಕಾದು, ನೂಲಹುಣ್ಣಿಮೆಯಲ್ಲಿ ಸಮುದ್ರವನ್ನು ಪೂಜಿಸಿ ಬಳಿಕ ದೋಣಿಯನ್ನು ನೀರಿಗೆ ನೂಕುವ ಪದ್ಧತಿಯನ್ನು ಇಟ್ಟುಕೊಂಡವರು. ಆ ತಿಂಗಳುಗಳಲ್ಲಿ ಮನೆಯಲ್ಲಿ ಕುಳಿತ ಮೊಗವೀರನನ್ನು ಅಂಜುಬುರುಕನೆಂದು ಯಾವನು ಕರೆದಾನು?

ಆದಕಾರಣ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಈಗ ನಮ್ಮ ಮಕ್ಕಳು ಹೊರದೇಶಗಳಿಗೆ ಓದಲೂ ದುಡಿಯಲೂ ಹೋಗುವರು. ಬೆಟ್ಟ ಹತ್ತುವೆನೆಂದೋ, ಕಡಲಿಗೆ ಇಳಿಯುವೆನೆಂದೋ ಬರೆಯುವರು. ಬೇಡವೆಂದು ಬಿಟ್ಟರೆ ಅವರು ಹೇಳದೆ ಹೋಗುವರು. ಭಲೆ ಎಂದು ಬಿಟ್ಟರೆ ವಿಚಾರಿಸದೆ ಹೋಗುವರು. ಇವೆರಡರಲ್ಲಿ ಯಾವುದೂ ಹಿರಿಯರ ಕರ್ತವ್ಯವಲ್ಲ. ಎಷ್ಟು ವರ್ಷ ಕಲಿತೆ, ಯಾರಲ್ಲಿ ಕಲಿತೆ, ಜೊತೆಗೆ ಯಾರಿರುವರು, ಹೊರಬರುವ ದಾರಿ ಯಾವುದು ಎಂದು ಸಮಾಧಾನದಿಂದ ಕೇಳತಕ್ಕದ್ದು. ಕಡೆಗೆ, ನೀನು ಹೋಗಿ ನೋಡಿಯೂ ಇಳಿಯದೆ ಹಿಂದಿರುಗಿದ ದಿನ ಯಾವುದಾದರೂ ಉಂಟೆ ಎಂದೂ ಕೇಳತಕ್ಕದ್ದು. ಉಂಟು ಎಂದು ಮಗನೋ ಮಗಳೋ ನಿಸ್ಸಂಕೋಚವಾಗಿ ಹೇಳಿದಲ್ಲಿ, ತಾಯಿತಂದೆಗಳು ಅಂದಿನ ರಾತ್ರಿ ಸ್ವಲ್ಪ ನಿಶ್ಚಿಂತರಾಗಿ ನಿದ್ರಿಸಬಹುದು.