ಅಳುವುದಕ್ಕೆ ಕನ್ನಡ, ಆಳುವುದಕ್ಕೆ ಇಂಗ್ಲಿಷ್!

ಕನ್ನಡದ ಹುಡುಗ ಹುಡುಗಿಯರೇ,

ಕಳೆದ ವಾರ ನಿಮ್ಮ ಮನೆಯ ಟೀವಿಯಲ್ಲಿ ಏನೇನು ಬಂತು ಎಂದು ಕೇಳಿದರೆ ನಿಮ್ಮಲ್ಲಿ ಮುಕ್ಕಾಲು ಮಂದಿ ಮೂಗು ಮುರಿಯುತ್ತೀರಿ. ‘ಟೀವಿ ನೋಡೋದು ನಮ್ಮಮ್ಮ ಸಾರ್, ನಮಗೆ ಬೇಕಾದ್ದು ನಾವು ಮೊಬೈಲಿನಲ್ಲಿ ನೋಡ್ಕೋತೀವಿ’ ಎನ್ನುತ್ತೀರಿ. ನಾನೂ ಹಾಗೇ ಅನ್ನುತ್ತಿದ್ದವನು. ಆದರೆ ಸ್ಕೂಟರಿನಿಂದ ಜಾರಿ ಬಿದ್ದು ಕಾಲು ಉಳುಕಿತು. ಒಂದು ವಾರ ಮನೆ ಬಿಟ್ಟು ಅಲ್ಲಾಡಬೇಡಿ ಎಂದರು ಡಾಕ್ಟರು. ಕಾಲಿಗೆ ಪಟ್ಟಿ, ಎದುರಿಗೆ ಟೀವಿ, ರಿಮೋಟು ಅವ್ವನ ಕೈಯಲ್ಲಿ. ಏಳು ದಿನ, ಬೆಳಗಿನ ಜ್ಯೋತಿಷ್ಯದಿಂದ ಹಿಡಿದು ರಾತ್ರಿಯ ಕೊನೆಯ ಧಾರಾವಾಹಿಯವರೆಗೆ ಅವಳ ಜೊತೆ ಕೂತು ನೋಡಿದೆ. ಕಾಲಿನ ಊತ ಇಳಿದಿದೆ. ಹೊಟ್ಟೆಯ ಉರಿ ಇಳಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಬಸ್ಸಿಗೆ ಬಸ್ಸು, ರೈಲಿಗೆ ರೈಲು ಎನ್ನುವವನೇ. ನಿಘಂಟು ಹಿಡಿದುಕೊಂಡು ಟೀವಿ ನೋಡುವ ಮಡಿವಂತ ನಾನಲ್ಲ. ಕನ್ನಡದೊಳಗೆ ನಾಲ್ಕು ಇಂಗ್ಲಿಷ್ ಪದ ಬಂದರೆ ಆಕಾಶ ಬೀಳುವುದಿಲ್ಲ. ನನ್ನ ತಕರಾರು ಬೇರೆ. ಯಾವ ಹೊತ್ತಿನಲ್ಲಿ ಕನ್ನಡ ಬರುತ್ತದೆ, ಯಾವ ಹೊತ್ತಿನಲ್ಲಿ ಇಂಗ್ಲಿಷ್ ಬರುತ್ತದೆ ಎಂಬುದನ್ನು ಸ್ವಲ್ಪ ಗಮನವಿಟ್ಟು ನೋಡಿ ಸ್ವಾಮಿ. ಆಗ ಗೊತ್ತಾಗುತ್ತದೆ ಇವರ ಒಳಮರ್ಮ.

ಸೋಮವಾರ ಸಂಜೆಯ ಒಂದು ಧಾರಾವಾಹಿ. ಹೆಸರು ಬೇಡ, ಯಾವ ಚಾನೆಲ್ ಹಾಕಿದರೂ ಇದರ ಅಣ್ಣತಮ್ಮಂದಿರೇ ಸಿಗುತ್ತಾರೆ. ನಾಯಕ ದೊಡ್ಡ ಕಂಪನಿಯ ಒಡೆಯ. ಏನು ತಯಾರಿಸುವ ಕಂಪನಿ ಎಂದು ಕೇಳಬೇಡಿ, ಅದು ಬರೆದವರಿಗೂ ಗೊತ್ತಿಲ್ಲ. ಗಾಜಿನ ಮೇಜಿನ ಸುತ್ತ ಕೂತು ಮೀಟಿಂಗು. ಅಲ್ಲಿ ಪೂರ್ತಿ ಇಂಗ್ಲಿಷ್. ಆಸ್ಪತ್ರೆಯ ದೃಶ್ಯ ಬಂತು, ಡಾಕ್ಟರು ಇಂಗ್ಲಿಷಿನಲ್ಲೇ ‘ಔಟ್ ಆಫ್ ಡೇಂಜರ್’ ಎಂದರು. ಪೊಲೀಸ್ ಅಧಿಕಾರಿ ಬಂದರು, ಅವರದೂ ಅರ್ಧ ಇಂಗ್ಲಿಷೇ. ಆಮೇಲೆ ನಾಯಕನ ತಾಯಿ ದೇವರ ಕೋಣೆಗೆ ಹೋಗಿ ಅತ್ತಳು. ಅಬ್ಬಾ! ಎಂಥಾ ಕನ್ನಡ ಅಂತೀರಿ! ಅಳುವುದಕ್ಕೆ ಕನ್ನಡ, ಶಾಪ ಹಾಕುವುದಕ್ಕೆ ಕನ್ನಡ, ಸೊಸೆಯ ಹಾಲಿಗೆ ಏನೋ ಬೆರೆಸುವ ಸಂಚಿಗೆ ಕನ್ನಡ. ಲೆಕ್ಕ ಮಾಡುವುದಕ್ಕೆ, ತೀರ್ಮಾನ ಮಾಡುವುದಕ್ಕೆ, ಕಾಯಿಲೆ ವಾಸಿ ಮಾಡುವುದಕ್ಕೆ, ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರ ಕನ್ನಡ ಬೇಡ! ದಿನಾ ಸಂಜೆ ಇದನ್ನು ನೋಡುತ್ತಾ ಬೆಳೆಯುವ ಹುಡುಗಿ ತನ್ನ ನುಡಿಯ ಬಗ್ಗೆ ಏನು ತಿಳಿದುಕೊಳ್ಳಬೇಕು? ದೊಡ್ಡವಳಾಗಿ ಕಂಪನಿ ಕಟ್ಟಬೇಕಾದರೆ ಕನ್ನಡವನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕು ಎಂದು ತಾನೇ?

ಇನ್ನೊಂದು ಇದೆ. ಅದನ್ನು ಬರೆಯುವಾಗ ಕೈ ನಡುಗುತ್ತದೆ.

ನಮ್ಮವ್ವ ಗದಗಿನ ಕಡೆಯವಳು. ಬೆಂಗಳೂರಿಗೆ ಬಂದು ವರ್ಷಗಳಾದರೂ ಅವಳ ಮಾತು ಬದಲಾಗಿಲ್ಲ, ಬದಲಾಗುವುದು ಬೇಡವೂ ಬೇಡ. ಬುಧವಾರ ರಾತ್ರಿ ಒಂದು ಹಾಸ್ಯದ ಕಾರ್ಯಕ್ರಮ ಹಾಕಿದಳು. ವೇದಿಕೆಗೆ ಒಬ್ಬ ಬಂದ. ತಲೆಗೆ ರುಮಾಲು, ಮೂಗಿನ ಕೆಳಗೆ ಅಂಟಿಸಿದ ಮೀಸೆ. ಬಾಯಿ ಬಿಟ್ಟರೆ ‘ಏನ್ರೀಯಪಾ, ಹೆಂಗೈತ್ರೀಯಪಾ’. ಎದುರಿಗಿದ್ದ ಕೂಸಿಗೂ ‘ರೀ’, ಕಟ್ಟಿದ್ದ ಎಮ್ಮೆಗೂ ‘ರೀ’! ಅವನು ಜೋಕು ಹೇಳಲೇ ಇಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಾತು ಶುರು ಮಾಡಿದ್ದೇ ತಡ, ತೀರ್ಪುಗಾರರು ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಅವ್ವ ನಗಲಿಲ್ಲ. ಜಾಹೀರಾತು ಬಂದ ಮೇಲೆ ಕೇಳಿದಳು:

‘ತಮ್ಮಾ, ಇದರಾಗ ನಗೂದೇನೈತೋ? ನಾವು ಮಾತಾಡೂದು ಹಿಂಗ ಅಲ್ಲೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯೇ? ಧಾರವಾಡದ ಕನ್ನಡದಲ್ಲಿ ಬರೆದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಕಡೆಯ ಆಡುಮಾತಿನಲ್ಲೇ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಪುಸ್ತಕದಲ್ಲಿ ಕಿರೀಟ ಹೊತ್ತ ಆ ಮಾತು ಟೀವಿಗೆ ಬಂದ ಕೂಡಲೇ ಕೋಡಂಗಿಯ ಟೋಪಿ ಹಾಕಿಕೊಳ್ಳಬೇಕು! ಹುಬ್ಬಳ್ಳಿಯ ಮಾತಾಡುವವನು ಪೆದ್ದ, ಮಂಗಳೂರಿನ ಮಾತಾಡುವವನು ಹೋಟೆಲ್ ಮಾಣಿ ಅಥವಾ ಭಟ್ಟ, ಮಂಡ್ಯದವನು ಒರಟ, ಚಾಮರಾಜನಗರದವಳು ಕೆಲಸದಾಕೆ. ಮನೆಯ ಯಜಮಾನನಿಗೆ ಮಾತ್ರ ಊರಿಲ್ಲದ ಒಂದು ಕನ್ನಡ. ಆ ಕನ್ನಡ ಮಾತಾಡುವ ಒಂದು ಬೀದಿಯನ್ನು ಇವರು ನನಗೆ ತೋರಿಸಲಿ, ನಾನು ಕುಂಟಿಕೊಂಡಾದರೂ ಹೋಗಿ ನೋಡಿ ಬರುತ್ತೇನೆ. ಕಲಬುರಗಿಯ ಮಾತಾಡುವ ಒಬ್ಬ ಹೆಣ್ಣುಮಗಳು ಧಾರಾವಾಹಿಯಲ್ಲಿ ಜಿಲ್ಲಾಧಿಕಾರಿಯಾಗಿ ಕೂತು ಕಡತಕ್ಕೆ ಸಹಿ ಹಾಕಲಿ ನೋಡೋಣ. ಯಾಕಾಗಬಾರದು? ನಿಜವಾದ ಕಚೇರಿಗಳಲ್ಲಿ ಅಂಥವರು ಇಲ್ಲವೇ?

ಹಾಡಿನ ಸ್ಪರ್ಧೆಯ ಬಗ್ಗೆ ಒಂದೇ ಮಾತು. ಹಳ್ಳಿಯ ಹುಡುಗನೊಬ್ಬ ಅದ್ಭುತವಾಗಿ ಹಾಡಿದ. ತಾಯಿಯನ್ನೂ ವೇದಿಕೆಗೆ ಕರೆದರು. ತೀರ್ಪುಗಾರರು ಹೊಗಳಿದ್ದೇ ಹೊಗಳಿದ್ದು, ಶ್ರುತಿಯನ್ನು, ಉಸಿರನ್ನು, ಭಾವವನ್ನು, ಎಲ್ಲವನ್ನೂ ಇಂಗ್ಲಿಷಿನಲ್ಲಿ. ಆ ತಾಯಿ ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ತಿಳಿಯದೆ ಇಬ್ಬರ ಮುಖ ಮುಖ ನೋಡಿ ಕೈ ಮುಗಿದು ನಿಂತಿದ್ದಳು. ತನ್ನ ಮಗನನ್ನು ಹೊಗಳಿದ್ದು ಕನ್ನಡ ಚಾನೆಲಿನಲ್ಲಿ ಕನ್ನಡದ ತಾಯಿಗೆ ಅರ್ಥವಾಗಲಿಲ್ಲ!

(ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಡೀ ವಾರದಲ್ಲಿ ಇಂಗ್ಲಿಷ್ ಸೋಕಿಸದೆ ಅರ್ಧ ಗಂಟೆ ಸುಲಲಿತವಾಗಿ ಮಾತಾಡಿದವರು ಯಾರು ಗೊತ್ತೇ? ಬೆಳಗಿನ ಜ್ಯೋತಿಷಿ. ನನ್ನ ರಾಶಿಗೆ ಕಾಲಿನ ತೊಂದರೆ ಇದೆ ಎಂದೂ ಹೇಳಿದರು, ಬಿದ್ದು ಎರಡು ದಿನವಾದ ಮೇಲೆ.)

ಈ ಚಾನೆಲ್‌ಗಳು ನಮಗೆ ಪುಕ್ಕಟೆ ಸಿಕ್ಕಿದವಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆಮೇಲೂ ಕನ್ನಡಕ್ಕೆ ಸಿಕ್ಕಿದ್ದು ಸಂಜೆಯ ಚೂರುಪಾರು, ರಾಷ್ಟ್ರೀಯ ಕಾರ್ಯಕ್ರಮ ಎಂದರೆ ಹಿಂದಿ. ನಮ್ಮ ಶಂಕರ್‌ನಾಗ್ ನಮ್ಮ ಆಗುಂಬೆಯಲ್ಲಿ, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಕಥೆಗಳನ್ನು ತೆಗೆದ ‘ಮಾಲ್ಗುಡಿ ಡೇಸ್’ ಕೂಡ 1986ರಲ್ಲಿ ದೂರದರ್ಶನದಲ್ಲಿ ಮಾತಾಡಿದ್ದು ಹಿಂದಿ. ಆಗುಂಬೆಯ ಮಳೆಯೊಂದೇ ಕನ್ನಡದಲ್ಲಿ ಸುರಿದಿರಬೇಕು! 1994ರಲ್ಲಿ ಉದಯ ಬಂತು, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ. ಬರಗಾಲ ಮುಗಿಯಿತು ಎಂದು ನಾವು ಸಿಹಿ ಹಂಚಿದೆವು. ಚಾನೆಲ್ ಬಂದರೆ ಸಾಕು, ಕನ್ನಡ ತಾನಾಗಿ ಬರುತ್ತದೆ ಎಂದುಕೊಂಡೆವು.

ಬಂದದ್ದು ಏನು? 2012ರ ‘ಪುಟ್ಟಗೌರಿ ಮದುವೆ’ ಶುರುವಾದದ್ದು ಹಿಂದಿಯ ‘ಬಾಲಿಕಾ ವಧು’ವಿನಿಂದ. 2019ರ ‘ಜೊತೆ ಜೊತೆಯಲಿ’ ಮರಾಠಿಯಿಂದ. 2023ರ ‘ಸೀತಾ ರಾಮ’ ಮರಾಠಿಯಿಂದ, ಅದೇ ವರ್ಷದ ‘ಅಮೃತಧಾರೆ’ ಹಿಂದಿಯಿಂದ. ಕಲಾವಿದರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೊಟ್ಟೆಪಾಡಿಗೆ ಹಗಲು ರಾತ್ರಿ ದುಡಿಯುವವರು. ಕಥೆ ಕಡ ತರುವುದೂ ಪಾಪವಲ್ಲ. ಆದರೆ ಮುಂಬೈಯ ಬಂಗಲೆ, ಮುಂಬೈಯ ಸೀರೆ, ಮುಂಬೈಯ ಕರ್ವಾಚೌತಿನ ಜರಡಿ ಹಾಗೇ ಇಳಿದು ಬರುತ್ತವಲ್ಲ, ಆಗ ಕನ್ನಡದ ಪಾಲಿಗೆ ಉಳಿಯುವುದು ತುಟಿ ಮಾತ್ರ.

ಇಲ್ಲಿ ನಮ್ಮವರ ಮೇಲೂ ಒಂದು ಏಟು ಹಾಕಬೇಕು. ಓದುವವರಿಗೆ ಕಹಿಯಾದರೂ ಸರಿ. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು ದಶಕಗಳ ಕಾಲ ಬಾಗಿಲು ಕಾದವರು ನಾವೇ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಹೆಣ್ಣು ಭ್ರೂಣಹತ್ಯೆಯ ವಿಷಯದಿಂದ ಶುರುವಾಯಿತು. ತಮಿಳರು, ತೆಲುಗರು, ಮಲಯಾಳಿಗಳು ಅದನ್ನು ತಂತಮ್ಮ ನುಡಿಯಲ್ಲಿ ನೋಡಿದರು. ಕನ್ನಡತಿಗೆ ಆ ಭಾಗ್ಯ ಇಲ್ಲ! ಹಿಂದಿಯಲ್ಲಿ ನೋಡಿಕೋ ಎಂದೆವು. ಯಾರು? ಕನ್ನಡ ಉಳಿಸುವ ನಾವು! ಅದೇ ದಿನಗಳಲ್ಲಿ ಸೋಪು, ಪೇಸ್ಟು, ಪಾನೀಯಗಳ ಜಾಹೀರಾತುಗಳೆಲ್ಲ ಮುಂಬೈಯಿಂದ ಡಬ್ ಆಗಿ ಗಂಟೆಗಟ್ಟಲೆ ಬರುತ್ತಿದ್ದವು. ತುಟಿ ಹಿಂದಿ, ದನಿ ಕನ್ನಡ. ಅದಕ್ಕೆ ಯಾರೂ ಬಾಗಿಲಿಗೆ ಅಡ್ಡ ಮಲಗಲಿಲ್ಲ. ಯಾಕೆಂದರೆ ಅದರಲ್ಲಿ ದುಡ್ಡಿತ್ತು. ಕೊನೆಗೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2020ರಲ್ಲಿ ಲಾಕ್‌ಡೌನ್ ಬಂದು ಚಿತ್ರೀಕರಣ ನಿಂತಾಗ ‘ಮಹಾಭಾರತ’ ಕನ್ನಡದಲ್ಲಿ ಬಂತು. ಅಂಬೇಡ್ಕರ್ ಅವರ ಬದುಕಿನ ‘ಮಹಾನಾಯಕ’ ಬಂತು. ಅದಕ್ಕಾಗಿ ಊರೂರಲ್ಲಿ ಹುಡುಗರು ತಮ್ಮ ಕೈಯಿಂದ ಕಾಸು ಹಾಕಿ ಫ್ಲೆಕ್ಸ್ ಕಟ್ಟಿದರು. ಒಂದು ಟೀವಿ ಧಾರಾವಾಹಿಗೆ ಜನ ಹೀಗೆ ಫ್ಲೆಕ್ಸ್ ಕಟ್ಟಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕನ್ನಡ ಸತ್ತಿತೇ? ಆ ಹುಡುಗರು ಇತಿಹಾಸವನ್ನು ಕನ್ನಡದಲ್ಲಿ ಕೇಳಿಸಿಕೊಂಡರು. ಸಾಯುತ್ತಿದ್ದದ್ದು ಬೇರೆಯದು.

ಏನು ಸಾಯುತ್ತಿತ್ತು ಎಂದು ನಮ್ಮನೆಯಲ್ಲೇ ತೋರಿಸುತ್ತೇನೆ. ಗುರುವಾರ ತಂಗಿಯ ಮಗಳು ಬಂದಳು, ಆರು ವರ್ಷದ ಕೂಸು. ರಿಮೋಟು ಕಿತ್ತುಕೊಂಡು ಹಿಂದಿ ಕಾರ್ಟೂನು ಹಾಕಿದಳು. ಸ್ವಲ್ಪ ಹೊತ್ತಿಗೆ ದಿಂಬು ಹಿಡಿದು ಅವ್ವನ ಕಡೆ ಓಡಿ ಬಂದು ‘ಬಚಾವೋ ಅಜ್ಜಿ, ಬಚಾವೋ!’ ಎಂದು ಕೂಗಿದಳು. ಅವ್ವ ಗಾಬರಿಯಾಗಿ ‘ಯಾಕವ್ವಾ, ಏನಾತು?’ ಎಂದು ಎದ್ದು ನಿಂತಳು. ಆಟದಲ್ಲಿ ಪ್ರಾಣಭಯ ಬಂದರೂ ಮಗುವಿನ ಬಾಯಲ್ಲಿ ಬರುವುದು ಹಿಂದಿ. ಅದರ ತಪ್ಪೇ? 2009ರಲ್ಲಿ ಚಿಂಟು ಟೀವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡುವವರೆಗೆ ಕನ್ನಡದ ಮಕ್ಕಳಿಗೆ ತಮ್ಮದೇ ನುಡಿಯ ಒಂದು ಚಾನೆಲ್ ಇರಲಿಲ್ಲ. ಈಗ ಇದ್ದರೂ ಅದನ್ನು ಹಾಕಿಕೊಡದವರು ನಾವೇ. ನಾನೇ ಚಾನೆಲ್ ಬದಲಾಯಿಸಿದೆ. ಹುಡುಗಿ ಎರಡು ನಿಮಿಷ ಅತ್ತಳು, ಆಮೇಲೆ ಕನ್ನಡದಲ್ಲೇ ನಕ್ಕಳು.

ಕನ್ನಡಕ್ಕೆ ಬೇರೆ ಕೆಲಸ ಮಾಡಲು ಬರುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಮೂರು ಸಾವಿರ ಕಂತು ದಾಟಿತು. ಗೆದ್ದವರಿಗೆ ಬಹುಮಾನ ಕಾರಲ್ಲ, ಕೋಟಿಯಲ್ಲ, ಕನ್ನಡ ಪುಸ್ತಕ. ವಿಜ್ಞಾನ, ವೈದ್ಯ, ಪುರಾಣ, ಕ್ರಿಕೆಟ್ಟು ಎಲ್ಲದರ ಪ್ರಶ್ನೆಯೂ ಕನ್ನಡದಲ್ಲಿ. ಟಿ.ಎನ್. ಸೀತಾರಾಂ 1998ರಲ್ಲಿ ‘ಮಾಯಾಮೃಗ’ ಮಾಡಿದರು, ಆಮೇಲೆ ‘ಮನ್ವಂತರ’, ‘ಮುಕ್ತ’. ಸಿಎಸ್‌ಪಿ ಎಂಬ ವಕೀಲ ಕೋರ್ಟಿನಲ್ಲಿ ನಿಂತು ಕನ್ನಡದಲ್ಲಿ ಪಾಟೀಸವಾಲು ಮಾಡುವಾಗ ಮನೆಮಂದಿ ಊಟದ ತಟ್ಟೆ ಹಿಡಿದು ಹಾಗೇ ಕೂತಿರುತ್ತಿದ್ದರು. ಕಾನೂನು ಕನ್ನಡದಲ್ಲಿ ಮಾತಾಡಿತು, ಜನ ನೋಡಿದರು! ಕ್ರಿಕೆಟ್ಟಿನ ಮಾತೂ ಅಷ್ಟೇ. ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿದ್ದರೇ ಚೆಂದ ಎನ್ನುತ್ತಿದ್ದವರು, 2018ರ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬಂದ ಮೇಲೆ ‘ದಾಂಡಿಗ’, ‘ಎಸೆತ’ ಎಂದು ತಾವೇ ಅನ್ನತೊಡಗಿದರು.

ಈಗ ನಿಮ್ಮ ಸರದಿ. ಬಾರ್ಕ್ ಎಂಬ ಸಂಸ್ಥೆ ಆಯ್ದ ಕೆಲವು ಮನೆಗಳಲ್ಲಿ ಮೀಟರು ಇಟ್ಟು ವಾರ ವಾರ ಯಾರು ಏನು ನೋಡಿದರು ಎಂದು ಲೆಕ್ಕ ಹಾಕುತ್ತದೆ. ಚಾನೆಲಿನವರ ದೇವರು, ಪಂಚಾಂಗ ಎಲ್ಲ ಅದೇ. ಆ ಲೆಕ್ಕದಲ್ಲಿ ನಮ್ಮವ್ವನಂಥವರು ಇರಬಹುದು, ಟೀವಿಗೆ ಬೆನ್ನು ತಿರುಗಿಸಿ ಮೊಬೈಲು ಹಿಡಿದ ನೀವಂತೂ ಇಲ್ಲ. ನೀವು ನೋಡುವುದಿಲ್ಲ ಎಂದು ಅವರು ನಿಮಗಾಗಿ ಮಾಡುವುದಿಲ್ಲ, ಅವರು ಮಾಡುವುದಿಲ್ಲ ಎಂದು ನೀವು ನೋಡುವುದಿಲ್ಲ. ಈ ಜಗಳದ ನಡುವೆ ಕನ್ನಡ ದೇವರ ಕೋಣೆಯಲ್ಲಿ ಕೂತು ಅಳುತ್ತಿದೆ. ‘ನನಗೇನು, ನಾನು ಕೊರಿಯಾದ ಸೀರಿಯಲ್ಲು ನೋಡುತ್ತೇನೆ’ ಎನ್ನುವ ಗೆಳೆಯಾ, ಕೊರಿಯಾದವರ ಧಾರಾವಾಹಿಯಲ್ಲಿ ಡಾಕ್ಟರು, ವಕೀಲ, ಕಂಪನಿಯ ಒಡೆಯ ಯಾವ ಭಾಷೆ ಆಡುತ್ತಾರೆ ಎಂದು ಒಮ್ಮೆ ಕಿವಿಗೊಟ್ಟು ಕೇಳು.

ಈ ವಾರ ನಿಮ್ಮ ತಾಯಿಯ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಕೂತು, ನಿಮ್ಮೂರಿನ ಮಾತು ಯಾರ ಬಾಯಲ್ಲಿ ಬಂತು, ಬಂದಾಗ ಯಾರು ನಕ್ಕರು ಎಂದು ಬರೆದಿಡಿ. ಅದನ್ನು ಚಾನೆಲಿಗೆ ಕನ್ನಡದಲ್ಲಿ ಕಳಿಸಿ, ಅವರ ಫೇಸ್‌ಬುಕ್ ಪುಟದಲ್ಲಿ ಹಾಕಿ, ಕಾಗದ ಬರೆಯಿರಿ. ಬೈಗುಳ ಬೇಡ. ಹೆಣ್ಣುಮಕ್ಕಳಾದ ನಟಿಯರ ಮೇಲೆ ಹೊಲಸು ಮಾತು ಬರೆದರೆ ನೀವು ನಮ್ಮವರೇ ಅಲ್ಲ. ಬರೆಯಬೇಕಾದ್ದು ನಟರಿಗಲ್ಲ, ಕಥೆ ಆರಿಸುವ ಕುರ್ಚಿಯಲ್ಲಿ ಕೂತವರಿಗೆ.

ನನ್ನ ಕಾಗದ ಬರೆದಾಗಿದೆ. ಅವ್ವನ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದೆ, ಒಂದು ಅಕ್ಷರ ತಿದ್ದಲಿಲ್ಲ. ಓದಿ ಹೇಳಿದೆ. ಕೇಳಿಸಿಕೊಂಡು, ‘ನನ್ನ ಹೆಸರೂ ಹಾಕು’ ಎಂದಳು. ಹಾಕಿದ್ದೇನೆ. ಸೋಮವಾರ ಕಾಲು ಸರಿಯಾದರೆ ನಾನೇ ಹೋಗಿ ಅಂಚೆಡಬ್ಬಿಗೆ ಹಾಕಿ ಬರುತ್ತೇನೆ.