ಗಣಿನೆಲದ ಮನೆಗೆ ಸಂಘದ ಒಪ್ಪಿಗೆ

ಬಡಾವಣೆಯ ನಿವಾಸಿಗಳ ಸಂಘಗಳು ಮನೆ ಕಟ್ಟುವವರ ನಕ್ಷೆಯಲ್ಲಿ ಸಾಮಾನ್ಯವಾಗಿ ನೋಡುವುದು ಕಾಂಪೌಂಡಿನ ಎತ್ತರ, ಗೋಡೆಯ ಬಣ್ಣ, ವಾಹನ ನಿಲ್ಲಿಸುವ ಜಾಗ, ಇಷ್ಟನ್ನೇ. ಬೇರೆ ಊರುಗಳಿಗೆ ಇದು ಸಾಕಾದೀತು. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಸಾಲದು.

ಇಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆಳದ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗಿದ್ದುಂಟು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದ ಮೇಲೂ, ಚಿನ್ನ ತೆಗೆದುಳಿದ ಪುಡಿಯ ದಿಬ್ಬಗಳು ಹಾಗೆಯೇ ಉಳಿದವು. ಸೈನೈಡ್ ದಿಬ್ಬಗಳೆಂದೇ ಅವು ಹೆಸರಾಗಿವೆ. ಗಾಳಿ ಬೀಸಿದರೆ ಆ ಧೂಳು ಮನೆಯೊಳಕ್ಕೆ ಬರುತ್ತದೆ, ಮಳೆ ಬಿದ್ದರೆ ತಗ್ಗಿಗೆ ಹರಿಯುತ್ತದೆ.

ಸಂಘವು ಮೊದಲು ಕೇಳಬೇಕಾದುದು ಇವನ್ನು: ತಳಪಾಯದ ಕೆಳಗೆ ಹಳೆಯ ಸುರಂಗವಿದೆಯೇ? ಕೈತೋಟಕ್ಕೆ ತುಂಬಿಸುವ ಮಣ್ಣು ಎಲ್ಲಿಯದು, ಪರೀಕ್ಷೆಯಾಗಿದೆಯೇ? ದಿಬ್ಬದ ದಿಕ್ಕಿಗೆ ಮರಗಳ ಸಾಲಿಗೆ ಜಾಗ ಬಿಟ್ಟಿದೆಯೇ? ಹೀಗೆ ಕೇಳಿದರೆ ನಿವೇಶನದ ಬೆಲೆ ಇಳಿದೀತೆಂಬ ಅಳುಕು ಇರಬಹುದು. ಇಳಿಯಲಿ, ಮಕ್ಕಳು ಆಡುವುದು ಅದೇ ಮಣ್ಣಿನಲ್ಲಲ್ಲವೇ?

ಈ ಒಣಸೀಮೆಗೆ ಹುಲ್ಲುಹಾಸಿಗಿಂತ ಹೊಂಗೆ, ಬೇವು ಒಗ್ಗುತ್ತವೆ. ಇನ್ನು, ಇದ್ದ ಮರ ಕಡಿಯುವುದಕ್ಕೆ ಸಂಘದ ಒಪ್ಪಿಗೆಯೊಂದೇ ಸಾಲದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನುಳಿದು, ವೃಕ್ಷಾಧಿಕಾರಿಯ ಅನುಮತಿಯೂ ಬೇಕು.