ಮೃದಂಗದ ಸಾಲಿನಲ್ಲಿ ಯಾರ ಹೆಸರು?

ರಾಮನವಮಿ ಹತ್ತಿರ ಬಂದರೆ ನಮ್ಮ ಮನೆಗೆ ಮೂರು ನಾಲ್ಕು ಸಂಗೀತೋತ್ಸವಗಳ ಆಹ್ವಾನ ಪತ್ರಿಕೆ ಬರುತ್ತವೆ. ಯಾವ ಸಂಜೆ ಯಾರ ಕಛೇರಿಗೆ ಹೋಗುವುದೆಂದು ಪೆನ್ಸಿಲ್ ಹಿಡಿದು ಗುರುತು ಹಾಕಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಕೆಲವು ವರ್ಷಗಳಿಂದ ಇನ್ನೊಂದು ಗುರುತನ್ನೂ ಹಾಕತೊಡಗಿದ್ದೇನೆ. ಹಾಡುವವರ ಸಾಲಿನಲ್ಲಿ ಹೆಣ್ಣುಮಕ್ಕಳ ಹೆಸರು ಧಾರಾಳವಾಗಿವೆ. ಪಿಟೀಲು, ವೀಣೆಯಲ್ಲೂ ಇವೆ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಎಂದು ಕೆಳಗಿಳಿದ ಹಾಗೆ ಪೆನ್ಸಿಲು ಸುಮ್ಮನಾಗುತ್ತದೆ. ಎಲ್ಲೋ ಒಂದು ಕಡೆ ಹೆಣ್ಣಿನ ಹೆಸರು ಕಂಡಿತೆಂದರೆ, ಸಾಮಾನ್ಯವಾಗಿ ಅಲ್ಲಿ ಹಾಡುವವರೂ ಹೆಂಗಸರೇ, ಹೊತ್ತೂ ಮಧ್ಯಾಹ್ನದ್ದೇ.

ಈ ಮಾತೆತ್ತಿದರೆ ಸಂಗೀತದ ಗೆಳೆಯರು ಕೇಳುತ್ತಾರೆ: ಎಂ.ಎಸ್. ಇರಲಿಲ್ಲವೇ, ಪಟ್ಟಮ್ಮಾಳ್ ಇರಲಿಲ್ಲವೇ, ನಮ್ಮ ಗಂಗೂಬಾಯಿ ಇರಲಿಲ್ಲವೇ? ಇದ್ದರು. ಹೇಗೆ ಇದ್ದರು ಎನ್ನುವುದನ್ನೂ ನೆನೆಯಬೇಕು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಗಂಗೂಬಾಯಿ ಹಾನಗಲ್ಲರೇ ನೊಂದು ಹೇಳಿದ್ದರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯನ್ನೆಲ್ಲ ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅದೇ ಸಮಾಧಿಯ ಮುಂದೆ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶ ಇರಲಿಲ್ಲ. ಅವರು ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಎಲ್ಲ ಗುಂಪುಗಳೂ ಒಂದಾಗಿ ಕೂತದ್ದು 1941ರಲ್ಲಿ. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಒಬ್ಬ ಹೆಣ್ಣಿಗೆ ಮೊದಲು ಸಂದದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ. ತಾಳವಾದ್ಯ ನುಡಿಸುವ ಹೆಣ್ಣಿಗೆ ಅದು ಒಮ್ಮೆಯೂ ಸಂದಿಲ್ಲ.

ಕೊರಳಿಗೆ ಬಾಗಿಲು ತೆರೆಯಿತು, ತಡವಾಗಿಯಾದರೂ. ಕೈಗೆ ಇನ್ನೂ ತೆರೆದಿಲ್ಲ ಎನ್ನುವುದೇ ನನ್ನ ದೂರು.

ಸುಕನ್ಯಾ ರಾಮ್‌ಗೋಪಾಲ್ ಅವರ ಬದುಕನ್ನು ನೋಡಿ. ತಮಿಳುನಾಡಿನ ಮಾಯವರಂನಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನವರೇ ಆಗಿಹೋದ ಘಟ ವಿದುಷಿ. ಚೆನ್ನೈನಲ್ಲಿ ಪಿಟೀಲು ಕಲಿಯಲೆಂದು ಹೋದ ಹುಡುಗಿಗೆ ಪಕ್ಕದಲ್ಲೇ ನಡೆಯುತ್ತಿದ್ದ ಮೃದಂಗದ ಪಾಠ ಕಿವಿಗೆ ಬಿತ್ತು, ಮನಸ್ಸು ಅತ್ತ ಹೋಯಿತು. ಮುಂದೆ ಘಟ ಬೇಕೆಂದಳು. ಹೆಣ್ಣಿನ ಬೆರಳಿಗೆ ಆ ಗಟ್ಟಿ ಮಣ್ಣು ಆಗಿಬರುವುದೇ ಎಂಬ ಅನುಮಾನ ಘಟ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರಿಗಿತ್ತು. ಅವರ ತಂದೆ ಹರಿಹರ ಶರ್ಮರು ಹಟ ತೊಟ್ಟು ಕಲಿಸಿದರು. ಅನುಮಾನ ಪಟ್ಟ ಗುರುವೇ ಮುಂದೆ ಮನಸಾರೆ ಒಪ್ಪಿಕೊಂಡರು. ಒಪ್ಪದೆ ಉಳಿದದ್ದು ವೇದಿಕೆ. ಹೆಂಗಸು ಘಟ ಹಿಡಿದು ಕೂತರೆ ತಾವು ನುಡಿಸುವುದಿಲ್ಲವೆಂದು ಮೃದಂಗದವರು ಹೇಳಿದ ಪ್ರಸಂಗಗಳನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಲಿತದ್ದು ಕಡಿಮೆಯಾಯಿತೆಂದಲ್ಲ, ಲೆಕ್ಕ ತಪ್ಪಿತೆಂದಲ್ಲ. ಕೂತವಳು ಹೆಣ್ಣು ಎಂಬುದಷ್ಟೇ ಕಾರಣ.

ಆ ನೋವಿನಿಂದ ಅವರು ಎರಡು ಕೆಲಸ ಮಾಡಿದರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿ ಸ್ವರ ನುಡಿಸುವ ಘಟತರಂಗವನ್ನು ರೂಪಿಸಿದರು. ವೇದಿಕೆಯ ಹಿಂದಿನ ಸಾಲಿನಲ್ಲಿ ಕೂರಬೇಕಿದ್ದ ವಾದ್ಯ ಅಲ್ಲಿ ನಡುವಿಗೆ ಬಂತು. 1995ರಲ್ಲಿ ಹೆಂಗಸರೇ ನುಡಿಸುವ ‘ಸ್ತ್ರೀ ತಾಳ್ ತರಂಗ್’ ತಂಡ ಕಟ್ಟಿದರು. ಅವರ ಶಿಷ್ಯೆ ಸುಮನಾ ಚಂದ್ರಶೇಖರ್ ಇವತ್ತು ಘಟ ನುಡಿಸುತ್ತಾರೆ, ಘಟದ ಬಗ್ಗೆ ಬರೆಯುತ್ತಾರೆ ಕೂಡ. ಮೋರ್ಸಿಂಗ್‌ನಲ್ಲಿ ಭಾಗ್ಯಲಕ್ಷ್ಮೀ ಕೃಷ್ಣ ಇದ್ದಾರೆ.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಘಟಗಳಿಗೆ ಹೆಸರಾದ ತಮಿಳುನಾಡಿನ ಮಾನಾಮದುರೈಯಲ್ಲಿ ಆ ಮಣ್ಣಿಗೆ ನಾದ ಬರಿಸುವ ಕೈ ಮೀನಾಕ್ಷಿ ಎಂಬ ಹೆಂಗಸಿನದು. ಹಸಿ ಗಡಿಗೆಯ ಒಳಗೆ ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಸಾವಿರಾರು ಸಲ ತಟ್ಟಿದ ಮೇಲೆಯೇ ಗೋಡೆ ಒಂದೇ ದಪ್ಪಕ್ಕೆ ಬಂದು ಶ್ರುತಿ ಕೂಡುವುದು. ಈ ಕೆಲಸಕ್ಕೆ ಅವರಿಗೆ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ಬಂದಿದೆ. ಘಟವನ್ನು ತಟ್ಟಿ ತಟ್ಟಿ ಹುಟ್ಟಿಸುವುದಕ್ಕೆ ಹೆಣ್ಣಿನ ಕೈಗೆ ಬಲವಿದೆ. ಅದನ್ನೇ ನುಡಿಸಲು ಬಲ ಸಾಲದು ಎಂಬ ಮಾತನ್ನು ಇಷ್ಟು ವರ್ಷ ಹೇಗೆ ನಂಬಿಕೊಂಡು ಬಂದೆವೋ.

ಈಗ ಹೊಸ ಹುಡುಗಿಯರ ವಿಷಯ. ಮೃದಂಗ ಕಲಿಯುವವರು ಇದ್ದಾರೆ, ಪರೀಕ್ಷೆ ಕಟ್ಟುತ್ತಾರೆ, ಆಕಾಶವಾಣಿಯ ಗ್ರೇಡ್ ಪಡೆಯುತ್ತಾರೆ. ಆಮೇಲೆ ಫೋನು ಬರುವುದು ನವರಾತ್ರಿಗೆ, ಮಾರ್ಚ್ 8ಕ್ಕೆ: ‘ಆಲ್ ಲೇಡೀಸ್ ಕಛೇರಿ ಇಟ್ಕೊಂಡಿದ್ದೀವಮ್ಮ, ಬಂದುಬಿಡು.’ ಆ ಅವಕಾಶವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಕನ್ಯಾ ಅವರಂಥವರಿಗೆ ಅದೂ ಒಂದು ದಾರಿಯಾಗಿತ್ತು. ಆದರೆ ಮೃದಂಗದವರು ಬೆಳೆಯುವುದು ತಮಗಿಂತ ದೊಡ್ಡವರಿಗೆ ನುಡಿಸಿ. ಹಿರಿಯ ವಿದ್ವಾಂಸರೊಬ್ಬರು ತಾಳದಲ್ಲಿ ಎಂದೂ ಹಾಡದ ಜಾಗದಿಂದ, ಹೊಸ ಎಡುಪಿನಲ್ಲಿ, ಪಲ್ಲವಿ ಎತ್ತಿದಾಗ, ಸ್ವರದ ಲೆಕ್ಕ ಎಲ್ಲಿಗೆ ಹೋಗಿ ಬೀಳುತ್ತದೆಂದು ಕ್ಷಣದಲ್ಲಿ ಊಹಿಸಿ ಕೂಡಬೇಕಾದಾಗ ಕಲಿಯುವುದನ್ನು ಯಾವ ಪಾಠದಲ್ಲೂ ಕಲಿಸಲಾಗದು. ಇಪ್ಪತ್ತರ ಹರೆಯದ ಹುಡುಗನಿಗೆ ಅದು ವಾರಕ್ಕೊಮ್ಮೆ ಸಿಗುತ್ತದೆ. ಅಷ್ಟೇ ಕಲಿತ ಅವನ ಸಹಪಾಠಿ ಹುಡುಗಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಹತ್ತು ವರ್ಷದ ನಂತರ ಇಬ್ಬರನ್ನೂ ಕೇಳಿ, ‘ನೋಡಿ, ಹುಡುಗಿಯರಲ್ಲಿ ಆ ಪಕ್ವತೆ ಬರುವುದಿಲ್ಲ’ ಎನ್ನುತ್ತೇವೆ. ಇದು ಅನ್ಯಾಯ.

ಸುರಕ್ಷತೆಯ ಮಾತನ್ನೂ ಬಿಡುವಂತಿಲ್ಲ. 2018ರಲ್ಲಿ ಲೈಂಗಿಕ ಕಿರುಕುಳದ ದೂರುಗಳು ಹೊರಬಂದಾಗ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಏಳು ಕಲಾವಿದರನ್ನು ಆ ಡಿಸೆಂಬರ್ ಉತ್ಸವದಿಂದ ಕೈಬಿಟ್ಟಿತು. ಕಲಾವಿದೆಗೆ ನೇಮಕದ ಪತ್ರವಿಲ್ಲ, ದೂರು ಕೊಡಲು ಆಫೀಸಿಲ್ಲ. ಆದರೂ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಇಂಥವರಿಗಾಗಿಯೇ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ದೂರು ಸಮಿತಿ ಇರಬೇಕು. ನಾನು ಹೋಗುವ ಯಾವ ಸಂಗೀತ ಸಭೆಯ ಸೂಚನಾ ಫಲಕದಲ್ಲೂ ಅದರ ವಿಳಾಸ ಕಂಡಿಲ್ಲ.

ಪಕ್ಕವಾದ್ಯ ಯಾರದಿರಬೇಕು ಎಂಬುದು ತೀರ್ಮಾನವಾಗುವುದು ಎರಡು ಕಡೆ: ಸಭೆಯ ಕಾರ್ಯದರ್ಶಿಯ ಡೈರಿಯಲ್ಲಿ, ಮುಖ್ಯ ಕಲಾವಿದರ ಬಾಯಿಮಾತಿನಲ್ಲಿ. ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಹೆಂಗಸರಿಗೆ ನುಡಿಸದಿದ್ದ ಕಾಲವಿತ್ತು. ಅವರು ಗಾಯಕಿ ಪಟ್ಟಮ್ಮಾಳ್ ಅವರಿಗೆ ನುಡಿಸಲು ಒಪ್ಪಿ ಕೂತ ಮೇಲೆ ಉಳಿದವರಿಗೆ ನೆಪ ಹೇಳುವುದು ಕಷ್ಟವಾಯಿತು. ಇವತ್ತು ನಮ್ಮ ಹಿರಿಯ ಗಾಯಕರಲ್ಲಿ ಒಬ್ಬರು, ‘ಈ ಸಲ ಮೃದಂಗಕ್ಕೆ ಆ ಹುಡುಗಿಯನ್ನು ಕರೆಸಿ, ನಾನು ಹಾಡುತ್ತೇನೆ’ ಎಂದರೆ ಸಾಕು, ಯಾವ ಕಾರ್ಯದರ್ಶಿಯೂ ಇಲ್ಲವೆನ್ನಲಾರರು. ಮಹಿಳಾ ದಿನಕ್ಕಲ್ಲ, ಮಧ್ಯಾಹ್ನಕ್ಕಲ್ಲ. ಯಾವುದಾದರೂ ಒಂದು ಮಂಗಳವಾರ ಸಂಜೆ ಆರೂವರೆಗೆ, ಪೆಂಡಾಲು ತುಂಬಿರುವಾಗ, ಮೃದಂಗದ ತನಿ ಆವರ್ತನಕ್ಕೆ ಪೂರಾ ಹೊತ್ತು ಬಿಟ್ಟುಕೊಟ್ಟು.